ಪರೀಕ್ಷೆ ಮುಗಿಯಿತು, ಜೂನ್ ತಿಂಗಳ ಎಣಿಕೆ ಬಾಕಿಯಿದೆ

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಪ್ರೌಢಶಾಲೆಗಳಲ್ಲಿ ಇನ್ನೊಂದು ಶಾಲಾ ವರ್ಷ ಮುಗಿದಿದೆ. ಓಣಂ ಪರೀಕ್ಷೆ, ಕ್ರಿಸ್‌ಮಸ್ ಪರೀಕ್ಷೆ, ವಾರ್ಷಿಕ ಪರೀಕ್ಷೆ ಎಂಬ ಮೂರು ಮೆಟ್ಟಿಲುಗಳನ್ನು ದಾಟಿದ ಮಕ್ಕಳಿಗೆ ಈಗ ಎರಡು ತಿಂಗಳ ಬೇಸಗೆ ರಜೆ. ಹತ್ತನೆಯ ತರಗತಿಯವರ ಬೀಳ್ಕೊಡುಗೆ ಸಭೆಗಳು ನಡೆದಿವೆ, ಗುಂಪು ಭಾವಚಿತ್ರ ತೆಗೆದಾಗಿದೆ. ಮೇ ತಿಂಗಳಲ್ಲಿ ಫಲಿತಾಂಶ ಹೊರಬೀಳುವ ತನಕ ಮನೆಗಳಲ್ಲಿ ಅಂಕಗಳದೇ ಮಾತು. ಆದರೆ ಶಾಲೆಗಳ ಅಧ್ಯಾಪಕರ ಕೊಠಡಿಗಳಲ್ಲಿ ನಡೆಯುವ ಲೆಕ್ಕಾಚಾರ ಬೇರೆಯದು. ಜೂನ್ ತಿಂಗಳಲ್ಲಿ ಎಂಟನೆಯ ತರಗತಿಯ ಕನ್ನಡ ಡಿವಿಜನಿಗೆ ಎಷ್ಟು ಮಕ್ಕಳು ಬರುತ್ತಾರೆ ಎಂಬುದೇ ಅಲ್ಲಿನ ಪ್ರಶ್ನೆ.

ವರ್ಷವಿಡೀ ನಡೆದ ಕೆಲಸವೇನೂ ಸಣ್ಣದಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹತ್ತು ವಿಷಯಗಳಲ್ಲಿ ಭಾಷಾ ವಿಷಯಗಳನ್ನು ಬಿಟ್ಟರೆ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಸಮಾಜ ವಿಜ್ಞಾನಗಳನ್ನೂ ಇಲ್ಲಿನ ಮಕ್ಕಳು ಕನ್ನಡದಲ್ಲಿಯೇ ಓದಿ ಕನ್ನಡದಲ್ಲಿಯೇ ಉತ್ತರಿಸುತ್ತಾರೆ. ಕೇರಳದ ಪಠ್ಯಕ್ರಮ ಬೇರೆಯಾದುದರಿಂದ ಕರ್ನಾಟಕದ ಪಠ್ಯಪುಸ್ತಕವಾಗಲಿ, ಮಂಗಳೂರಿನ ಅಂಗಡಿಗಳಲ್ಲಿ ದೊರೆಯುವ ಗೈಡುಗಳಾಗಲಿ ಇವರ ನೆರವಿಗೆ ಬರುವುದಿಲ್ಲ. ಪಠ್ಯಪುಸ್ತಕವನ್ನು ಬಿಟ್ಟರೆ ಅಧ್ಯಾಪಕರು ಬರೆಯಿಸಿದ ಟಿಪ್ಪಣಿಯೇ ಆಧಾರ. ಅದರ ಮೇಲೆ ಪಠ್ಯವೂ ಹೊಸದಾಗಿದೆ. 1, 3, 5, 7 ಮತ್ತು 9ನೆಯ ತರಗತಿಗಳ ಪುಸ್ತಕಗಳು 2024ರ ಜೂನ್‌ನಲ್ಲಿ ಬದಲಾದವು. 2, 4, 6, 8 ಮತ್ತು 10ನೆಯ ತರಗತಿಗಳದು 2025ರ ಜೂನ್‌ನಲ್ಲಿ ಬದಲಾಯಿತು. ಹೊಸ ಪಾಠಗಳನ್ನು ಮೊದಲು ತಾವು ಕನ್ನಡದಲ್ಲಿ ಅರಗಿಸಿಕೊಂಡು ಅನಂತರ ಮಕ್ಕಳಿಗೆ ತಿಳಿಸುವ ಹೊಣೆ ಅಧ್ಯಾಪಕರದಾಯಿತು.

ಪಾಠದ ಹೊರಗೂ ಈ ಶಾಲೆಗಳಿಗೊಂದು ಗುರುತಿದೆ. ಕೇರಳ ಶಾಲಾ ಕಲೋತ್ಸವದ ಸ್ಪರ್ಧೆಗಳಲ್ಲಿ ಯಕ್ಷಗಾನಕ್ಕೂ ಸ್ಥಾನವುಂಟು. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳು ಗೆಜ್ಜೆ ಕಟ್ಟಿ ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂಬ ಹಂತಗಳನ್ನೇರುತ್ತಾರೆ. 2019ರಲ್ಲಿ ರಾಜ್ಯ ಕಲೋತ್ಸವ ಕಾಞಂಗಾಡಿನಲ್ಲಿಯೇ ನಡೆದಿತ್ತು. ದಕ್ಷಿಣದ ತಿರುವನಂತಪುರದಿಂದ ಬಂದ ಪ್ರೇಕ್ಷಕನಿಗೆ ಕೇರಳದ ಒಂದು ಮೂಲೆಯಲ್ಲಿ ಕನ್ನಡ ಜೀವಂತವಾಗಿದೆ ಎಂಬುದನ್ನು ಚೆಂಡೆಯ ಪೆಟ್ಟಿನಿಂದಲೇ ತಿಳಿಸುವವರು ಈ ಮಕ್ಕಳು.

ಈ ರಜೆಯಲ್ಲಿ ಎಂಟನೆಯ ತರಗತಿ ಮುಗಿಸಿದವರ ಮನೆಯವರು ಗಮನಿಸಬೇಕಾದ ಸಂಗತಿಯೊಂದಿದೆ. ಪರೀಕ್ಷೆ ಬರೆದರಷ್ಟೇ ಸಾಕು ಎಂಬ ಹಿಂದಿನ ನಂಬಿಕೆ ಈಗ ನಡೆಯದು. 2024-25ನೆಯ ಶಾಲಾ ವರ್ಷದಿಂದ ಎಂಟನೆಯ ತರಗತಿಯ ಪ್ರತಿಯೊಂದು ವಿಷಯದ ಲಿಖಿತ ಪರೀಕ್ಷೆಯಲ್ಲಿ ಕನಿಷ್ಠ ಶೇಕಡಾ 30 ಅಂಕ ಬೇಕೆಂಬ ಕ್ರಮ ಬಂದಿದೆ. ಅಷ್ಟು ಅಂಕ ಬಾರದ ವಿಷಯಗಳಿಗೆ ರಜೆಯಲ್ಲಿ ವಿಶೇಷ ತರಗತಿ, ಅನಂತರ ಮರುಪರೀಕ್ಷೆ. ಇದನ್ನು ಶಿಕ್ಷೆಯೆಂದು ತಿಳಿದು ಮಗುವನ್ನು ಗದರಿಸುವುದಾಗಲಿ, ನೆಂಟರ ಮನೆಗೆ ಕಳುಹಿಸಿ ತರಗತಿ ತಪ್ಪಿಸುವುದಾಗಲಿ ಸಲ್ಲದು. ಇತರ ದಿನಗಳಲ್ಲಿ ನಲವತ್ತು ಮಕ್ಕಳ ನಡುವೆ ಕುಳಿತವನಿಗೆ ಕೆಲವೇ ಮಂದಿಯ ನಡುವೆ ಪಾಠ ಕೇಳುವ ಅವಕಾಶ ದೊರೆಯುವುದು ಇಲ್ಲಿಯೇ.

ಇನ್ನು ಜೂನ್ ತಿಂಗಳ ಎಣಿಕೆಯ ವಿಚಾರ. ಕೇರಳ ಶಿಕ್ಷಣ ನಿಯಮಾವಳಿಯಂತೆ ಶಾಲೆ ತೆರೆದ ಬಳಿಕ ಆರನೆಯ ಕೆಲಸದ ದಿನ ಮಕ್ಕಳ ಸಂಖ್ಯೆಯನ್ನು ಗಣಿಸಲಾಗುತ್ತದೆ. ಆ ವರ್ಷ ಆ ಶಾಲೆಗೆ ಎಷ್ಟು ಡಿವಿಜನ್, ಎಷ್ಟು ಅಧ್ಯಾಪಕ ಹುದ್ದೆ ಎಂಬುದು ಆ ದಿನದ ಸಂಖ್ಯೆಯ ಮೇಲೆ ನಿಂತಿದೆ. ಒಂದೇ ಶಾಲೆಯಲ್ಲಿ ಕನ್ನಡ, ಮಲಯಾಳಂ, ಇಂಗ್ಲಿಷ್ ಮಾಧ್ಯಮಗಳ ಡಿವಿಜನುಗಳಿರುವಲ್ಲಿ ಒಂದು ಕಡೆ ಕಡಿಮೆಯಾದುದು ಇನ್ನೊಂದು ಕಡೆ ತುಂಬಬಹುದು. ಶಾಲೆಯ ಒಟ್ಟು ಸಂಖ್ಯೆ ಕುಗ್ಗದೆಯೇ ಕನ್ನಡದ ಸಂಖ್ಯೆ ಕುಗ್ಗುವುದು ಹೀಗೆ. ಒಂದಿಬ್ಬರು ಮಕ್ಕಳ ವ್ಯತ್ಯಾಸದಿಂದ ಡಿವಿಜನ್ ಉಳಿಯುವುದೂ ಉಂಟು, ಅಳಿಯುವುದೂ ಉಂಟು.

ಡಿವಿಜನ್ ಒಂದು ಹೋದರೆ ಅದರ ಜೊತೆಗೆ ಪೀರಿಯಡುಗಳು ಹೋಗುತ್ತವೆ. ಪೀರಿಯಡುಗಳು ಕಡಿಮೆಯಾದಾಗ ಕನ್ನಡದಲ್ಲಿ ಗಣಿತವನ್ನೋ ಸಮಾಜ ವಿಜ್ಞಾನವನ್ನೋ ಕಲಿಸುವವರ ಹುದ್ದೆ ಅಲುಗಾಡುತ್ತದೆ. ಹುದ್ದೆ ಹೋದ ಮೇಲೆ ಉಳಿದ ಮಕ್ಕಳಿಗೆ ಕಲಿಸುವವರು ಯಾರು ಎಂಬ ಚಿಂತೆ ಹುಟ್ಟುತ್ತದೆ, ಆ ಚಿಂತೆಯಿಂದಲೇ ಮರುವರ್ಷ ಇನ್ನಷ್ಟು ಮನೆಯವರು ಬೇರೆ ಶಾಲೆಯತ್ತ ಮುಖ ಮಾಡುತ್ತಾರೆ. ಸದ್ದಿಲ್ಲದೆ ಸಾಗುವ ಈ ಸರಣಿಯನ್ನು ತಡೆಯಬಹುದಾದ ಕಾಲ ಏಪ್ರಿಲ್ ಮತ್ತು ಮೇ ತಿಂಗಳು ಮಾತ್ರ.

ಕಾನೂನಿನ ಆಸರೆ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ, ಆದರೆ ಅದರ ಮೇರೆಯನ್ನು ಅರಿತಿರಬೇಕು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದೇ ವರ್ಷ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಸೇರ್ಪಡೆಯಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. ಆದರೆ ಆ ವಿಧಿಯ ಮಾತು ಪ್ರಾಥಮಿಕ ಹಂತಕ್ಕೆ ಸಂಬಂಧಿಸಿದ್ದು. 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಮಕ್ಕಳನ್ನು ತಂದುಕೊಡುವುದು ಯಾವ ವಿಧಿಯಿಂದಲೂ ಆಗದು. ಪ್ರೌಢಶಾಲೆಯ ಕನ್ನಡ ತರಗತಿ ಹೆಚ್ಚಾಗಿ ನಿಂತಿರುವುದು ರಾಜ್ಯದ ನಿಯಮಗಳ ಮೇಲೆ ಮತ್ತು ಹಾಜರಿ ಪುಸ್ತಕದ ಹೆಸರುಗಳ ಮೇಲೆ.

ಹೆಸರುಗಳು ಕಳೆದುಹೋಗುವ ಸ್ಥಳಗಳೂ ಗೊತ್ತಿರುವಂಥವೇ. ಕೇರಳದಲ್ಲಿ ಕಿರಿಯ ಪ್ರಾಥಮಿಕ ಹಂತ ನಾಲ್ಕನೆಯ ತರಗತಿಗೆ, ಹಿರಿಯ ಪ್ರಾಥಮಿಕ ಹಂತ ಏಳನೆಯ ತರಗತಿಗೆ ಮುಗಿಯುತ್ತದೆ. ಪ್ರೌಢಶಾಲೆ ಆರಂಭವಾಗುವುದು ಎಂಟನೆಯ ತರಗತಿಯಿಂದ. ನಾಲ್ಕರ ಕೊನೆಗೆ ಮತ್ತು ಏಳರ ಕೊನೆಗೆ ಅನೇಕ ಮಕ್ಕಳು ಟಿ.ಸಿ. ಪಡೆದು ಶಾಲೆ ಬದಲಿಸಲೇಬೇಕು. ಮಾಧ್ಯಮ ಬದಲಾಗುವುದೂ ಹೆಚ್ಚಾಗಿ ಅದೇ ಹೊತ್ತಿನಲ್ಲಿ. ಏಳು ವರ್ಷ ಕನ್ನಡದಲ್ಲಿ ಓದಿದ ಮಗು ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದಾಗ ಹೊಸ ಶಾಲೆ, ಹೊಸ ಗೆಳೆಯರು, ಹೊಸ ಭಾಷೆ ಮೂರೂ ಒಮ್ಮೆಲೇ ಎದುರಾಗುತ್ತವೆ. ಗಣಿತದ ಕಷ್ಟ ಯಾವುದು, ಭಾಷೆಯ ಕಷ್ಟ ಯಾವುದು ಎಂದು ಮಗುವಿಗೂ ತಿಳಿಯದು, ಮನೆಯವರಿಗೂ ತಿಳಿಯದು.

ಮನೆಯವರ ಅಳುಕಿಗೆ ಕಾರಣಗಳಿಲ್ಲವೆಂದಲ್ಲ. ಮುಂದೆ ಎಲ್ಲವೂ ಇಂಗ್ಲಿಷಿನಲ್ಲಿ ಅಲ್ಲವೇ ಎಂಬುದು ಮೊದಲನೆಯದು. ಪ್ಲಸ್ ವನ್ ವಿಜ್ಞಾನ ವಿಭಾಗಕ್ಕೆ ಸೇರಿದ ಕನ್ನಡ ಮಾಧ್ಯಮದ ಮಕ್ಕಳು ಆರಂಭದ ಕೆಲವು ತಿಂಗಳು ತಡವರಿಸುವುದು ನಿಜ. ಇದಕ್ಕೆ ಪರಿಹಾರ ಎಂಟನೆಯ ತರಗತಿಯಲ್ಲಿ ಮಾಧ್ಯಮ ಬದಲಿಸುವುದಲ್ಲ. ಪ್ರೌಢಶಾಲೆಯ ಮೂರು ವರ್ಷಗಳಲ್ಲಿ ಇಂಗ್ಲಿಷನ್ನು ಒಂದು ವಿಷಯವಾಗಿ ಚೆನ್ನಾಗಿ ಕಲಿಸುವುದು, ವಿಜ್ಞಾನದ ಪಾರಿಭಾಷಿಕ ಪದಗಳನ್ನು ಕನ್ನಡದ ಜೊತೆಗೇ ಇಂಗ್ಲಿಷಿನಲ್ಲಿಯೂ ಬರೆಯಿಸುವುದು ಪರಿಹಾರ. ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಈ ಬೇಸಗೆಯಲ್ಲಿಯೇ ಅಂತಹ ಸೇತು ತರಗತಿ ನಡೆಸುವಂತೆ ಪಿ.ಟಿ.ಎ. ಸಭೆಯಲ್ಲಿ ಕೇಳುವುದು ಮನೆಯವರ ಹಕ್ಕು.

ಎರಡನೆಯ ಅಳುಕು ಇನ್ನೂ ಗಂಭೀರವಾದುದು. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರು ನೇಮಕಗೊಂಡ ಪ್ರಸಂಗಗಳು ಗಡಿನಾಡಿನಲ್ಲಿ ಒಂದೆರಡಲ್ಲ. ಮಕ್ಕಳೂ ಮನೆಯವರೂ ಶಾಲೆಯ ಅಂಗಳದಲ್ಲಿ ಪ್ರತಿಭಟಿಸಿದ ಸುದ್ದಿಯನ್ನು ಓದದವರಿಲ್ಲ. ಕೇರಳ ಲೋಕಸೇವಾ ಆಯೋಗ ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗಳಿಗೆ ಪ್ರತ್ಯೇಕ ಅಧಿಸೂಚನೆ ಹೊರಡಿಸುತ್ತದೆ ಎಂಬುದೇ ಕನ್ನಡ ಬಲ್ಲವರು ಅಲ್ಲಿರಬೇಕೆಂಬುದಕ್ಕೆ ಸಾಕ್ಷಿ. ಹುಡುಗನೊಬ್ಬ ಪ್ರಶ್ನೆ ಕೇಳಿದಾಗ ಅದು ಅಧ್ಯಾಪಕರಿಗೆ ಅರ್ಥವಾಗದಿದ್ದರೆ ಅದನ್ನು ಪಾಠವೆನ್ನಲಾಗದು. ಆದರೆ ಈ ಹೋರಾಟಕ್ಕೆ ಬಲ ಬರುವುದೂ ತರಗತಿಯಲ್ಲಿ ಮಕ್ಕಳಿದ್ದಾಗಲೇ. ಮಕ್ಕಳೇ ಇಲ್ಲದ ಡಿವಿಜನಿಗಾಗಿ ಯಾರೂ ಮನವಿ ಬರೆಯಲಾರರು.

ಮೂರನೆಯ ಪ್ರಶ್ನೆ ಉದ್ಯೋಗದ್ದು. ಕೇರಳ ಲೋಕಸೇವಾ ಆಯೋಗದ ಎಸ್‌ಎಸ್‌ಎಲ್‌ಸಿ ಮಟ್ಟದ ಪರೀಕ್ಷೆಗಳಿಗೆ ಕನ್ನಡದಲ್ಲಿಯೂ ಪ್ರಶ್ನಪತ್ರಿಕೆ ದೊರೆಯುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳಂ ಎರಡನ್ನೂ ಬಲ್ಲ ಎಲ್.ಡಿ. ಕ್ಲಾರ್ಕ್ ಎಂಬ ಪ್ರತ್ಯೇಕ ಹುದ್ದೆಯೇ ಇದೆ. ಎರಡನ್ನೂ ಬಲ್ಲವರಿಗೆ ಎಂಬುದನ್ನು ಮರೆಯಬಾರದು. ಕನ್ನಡದಲ್ಲಿ ಓದುವ ಮಗು ಮಲಯಾಳಂ ಓದುಬರಹವನ್ನೂ ಕಲಿತರೆ ಗ್ರಾಮ ಕಚೇರಿಯಿಂದ ಜಿಲ್ಲಾ ಕಚೇರಿಯವರೆಗೆ ಅದಕ್ಕೆ ಬೆಲೆಯಿದೆ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಆಡುತ್ತ ಶಾಲೆಯಲ್ಲಿ ಕನ್ನಡ ಕಲಿತ ಈ ನಾಡಿನ ಮಕ್ಕಳಿಗೆ ಇನ್ನೊಂದು ಭಾಷೆ ಭಾರವಾಗದು.

ಹತ್ತನೆಯ ತರಗತಿ ಮುಗಿಸಿದವರಿಗೆ ಮುಂದಿನ ಹೆಜ್ಜೆ ಪ್ಲಸ್ ವನ್ ಪ್ರವೇಶ. ಏಕಜಾಲಕ ಅರ್ಜಿಯಲ್ಲಿ ಶಾಲೆಗಳ ಆಯ್ಕೆಯ ಕ್ರಮವನ್ನು ನಮೂದಿಸುವಾಗ ಆ ಶಾಲೆಯಲ್ಲಿ ದ್ವಿತೀಯ ಭಾಷೆಯಾಗಿ ಕನ್ನಡ ಇದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ಕನ್ನಡ ಕೇಳುವ ಮಕ್ಕಳಿಲ್ಲದಿದ್ದರೆ ಅಲ್ಲಿಯೂ ಹುದ್ದೆ ಉಳಿಯದು. ಕರ್ನಾಟಕದ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮಗಳಿವೆ. ಅದಕ್ಕೆ ಬೇಕಾಗುವ ವಾಸ್ತವ್ಯ ಮತ್ತು ವ್ಯಾಸಂಗದ ದಾಖಲೆಗಳನ್ನು ಎರಡು ವರ್ಷಗಳ ಬಳಿಕ ಅವಸರದಲ್ಲಿ ಹುಡುಕುವ ಬದಲು ಟಿ.ಸಿ. ಪಡೆಯುವ ದಿನವೇ ಶಾಲಾ ಕಚೇರಿಯಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು ತೆಗೆದಿರಿಸುವುದು ಲೇಸು.

ರಜೆ ಮುಗಿಯುವ ಮೊದಲು ಕನ್ನಡ ಶಾಲೆಯ ಕುಟುಂಬಗಳು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಏಳನೆಯ ತರಗತಿ ಮುಗಿಸಿದ ಮಗುವಿನ ಟಿ.ಸಿ.ಯನ್ನು ಮೇ ತಿಂಗಳಲ್ಲಿಯೇ ಪಡೆದು ಪ್ರೌಢಶಾಲೆಯ ಕನ್ನಡ ಡಿವಿಜನಿಗೆ ಸೇರಿಸಬೇಕು. ಆರನೆಯ ದಿನದ ಎಣಿಕೆಯಲ್ಲಿ ಮಗುವಿನ ಆಧಾರ್ ವಿವರ ಮುಖ್ಯವಾದುದರಿಂದ ಹೆಸರು, ಹುಟ್ಟಿದ ದಿನಾಂಕಗಳು ಶಾಲಾ ದಾಖಲೆಯೊಂದಿಗೆ ಹೊಂದುತ್ತವೆಯೇ ಎಂದು ಈಗಲೇ ನೋಡಿ ತಿದ್ದಿಸಿಕೊಳ್ಳಬೇಕು. ನೆಂಟರ ಮದುವೆ, ದೇವಸ್ಥಾನದ ಉತ್ಸವ ಯಾವುದೇ ಇರಲಿ, ಜೂನ್ ತಿಂಗಳ ಮೊದಲ ವಾರ ಮಗು ತರಗತಿಯಲ್ಲಿಯೇ ಇರಬೇಕು. ನೆರೆಮನೆಯಲ್ಲಿ ಏಳನೆಯ ತರಗತಿ ದಾಟಿದ ಮಗುವಿದ್ದರೆ ಅಲ್ಲಿಗೊಮ್ಮೆ ಹೋಗಿ ಮಾತನಾಡಬೇಕು. ಶಾಲೆಯವರು ಮನೆ ಮನೆಗೆ ಬಂದು ಹೇಳುವ ಮಾತಿಗಿಂತ ಅದೇ ಶಾಲೆಯಲ್ಲಿ ಮಗುವನ್ನು ಓದಿಸುತ್ತಿರುವ ತಾಯಿ ಹೇಳುವ ಮಾತು ಹೆಚ್ಚು ನಾಟುತ್ತದೆ.

ಮೇ ತಿಂಗಳಲ್ಲಿ ಎ ಪ್ಲಸ್ ಪಡೆದವರ ಭಾವಚಿತ್ರಗಳು ಶಾಲೆಯ ಗೇಟಿನಲ್ಲಿ ಹಾಕುವ ಫ್ಲೆಕ್ಸಿನಲ್ಲಿ ಕಾಣಿಸಿಕೊಳ್ಳುತ್ತವೆ. ಆ ಸಂತಸ ಮಕ್ಕಳಿಗೆ ಸಲ್ಲಬೇಕಾದುದೇ. ಜೂನ್ ತಿಂಗಳ ಪ್ರವೇಶೋತ್ಸವದ ದಿನ ಅದೇ ಗೇಟಿನೊಳಗೆ ಕನ್ನಡ ಡಿವಿಜನಿಗೆಂದು ಹೆಜ್ಜೆಯಿಡುವ ಎಂಟನೆಯ ತರಗತಿಯ ಮಕ್ಕಳ ಭಾವಚಿತ್ರವನ್ನು ಯಾವ ಫ್ಲೆಕ್ಸಿನಲ್ಲಿಯೂ ಹಾಕುವುದಿಲ್ಲ. ಆದರೂ ಹತ್ತನೆಯ ತರಗತಿಯಲ್ಲಿ ಕನ್ನಡದ ಪ್ರಶ್ನಪತ್ರಿಕೆ ಮೂರು ವರ್ಷಗಳ ಬಳಿಕ ಆ ಶಾಲೆಗೆ ಬರಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವವರು ಅವರೇ.