ಒಂದು ಕೀಲಿಮಣೆಯ ಜನ್ಮವೃತ್ತಾಂತ

ಈಗಿನ ಕಾಲದಲ್ಲಿ ಅನೇಕ ಗೃಹಸ್ಥರ ಮನೆಗಳಲ್ಲಿ ಗಣಕಯಂತ್ರವು ಹೊಲಿಗೆಯ ಯಂತ್ರದಂತೆಯೇ ಒಂದು ಮೂಲೆಯನ್ನು ತನ್ನದಾಗಿ ಮಾಡಿಕೊಂಡಿದೆ. ಯಜಮಾನರ ಲೆಕ್ಕಪತ್ರ, ಮಕ್ಕಳ ಪಾಠ, ದೂರದೇಶದಲ್ಲಿರುವ ಮಗಳಿಗೆ ತಾಯಿಯು ಬರೆಯುವ ಕಾಗದ, ಇವೆಲ್ಲವೂ ಅದರ ಮುಂದೆಯೇ ನಡೆಯುವುವು. ಯಂತ್ರದ ಬೆಲೆಯೆಷ್ಟು, ಅದರ ಪರದೆಯು ಎಷ್ಟು ದೊಡ್ಡದು ಎಂದು ನೆಂಟರಿಷ್ಟರು ವಿಚಾರಿಸುವುದುಂಟು. ಆದರೆ ಹಗಲೆಲ್ಲ ನಮ್ಮ ಹತ್ತು ಬೆರಳುಗಳ ಪೆಟ್ಟನ್ನು ತಿನ್ನುತ್ತಿರುವ ಕೀಲಿಮಣೆಯನ್ನು ಕುರಿತು ಯಾರೂ ಒಂದು ಮಾತನ್ನೂ ಕೇಳುವುದಿಲ್ಲ. ಅದರ ಮೇಲೆ ಕಾಫಿ ಚೆಲ್ಲಿದಾಗ ಮಾತ್ರ ಅದು ಇರುವುದೆಂಬ ಅರಿವು ನಮಗುಂಟಾಗುವುದು.

ವಾಚಕರು ದಯಮಾಡಿ ತಮ್ಮ ಮನೆಯ ಕೀಲಿಮಣೆಯನ್ನು ಒಮ್ಮೆ ಎದುರಿಗಿಟ್ಟುಕೊಂಡು ನೋಡಬೇಕು. ಒಂದು ಸಾಲಿನ ಕೀಲಿಯ ನೇರಕ್ಕೆ ಮುಂದಿನ ಸಾಲಿನ ಕೀಲಿಯು ಇರುವುದಿಲ್ಲ. ಸಾಲುಗಳು ಒಂದಕ್ಕಿಂತ ಒಂದು ತುಸು ಪಕ್ಕಕ್ಕೆ ಸರಿದುಕೊಂಡಿರುವುವು. ಇದೇತಕ್ಕೆಂದು ನಾವು ಬಹುಕಾಲ ಯೋಚಿಸಿರಲಿಲ್ಲ. 1874ರಲ್ಲಿ ಅಮೆರಿಕಾದ ರೆಮಿಂಗ್ಟನ್ ಕಂಪೆನಿಯವರು ಷೋಲ್ಸ್ ಮೊದಲಾದವರ ಬೆರಳಚ್ಚು ಯಂತ್ರವನ್ನು ಮಾರಾಟಕ್ಕೆ ತಂದಾಗ ಪ್ರತಿಯೊಂದು ಕೀಲಿಗೂ ಒಂದೊಂದು ಸನ್ನೆ ಇತ್ತು. ಒಂದರ ಸನ್ನೆಯು ಇನ್ನೊಂದಕ್ಕೆ ತಗಲದೆ ಹಾದುಹೋಗಬೇಕಾದರೆ ಕೀಲಿಗಳನ್ನು ಓರೆಯಾಗಿ ಜೋಡಿಸದೆ ಗತ್ಯಂತರವಿರಲಿಲ್ಲ. ಸನ್ನೆಗಳು ಮಾಯವಾಗಿ ಎಷ್ಟೋ ವರ್ಷಗಳಾದುವು. ಓರೆ ಮಾತ್ರ ಹಾಗೆಯೇ ಉಳಿದುಕೊಂಡಿದೆ. ಇದರ ಮುಂದೆ ಕುಳಿತವನು ಎರಡು ಕೈಗಳನ್ನೂ ಎದೆಯ ಮುಂದೆ ಒತ್ತಟ್ಟಿಗೆ ತಂದು, ಮಣಿಕಟ್ಟುಗಳನ್ನು ಹೊರಕ್ಕೆ ಬಾಗಿಸಿಕೊಂಡು ಕೆಲಸಮಾಡಬೇಕು. ಎಲ್ಲಕ್ಕಿಂತ ಬಲವಾದ ಹೆಬ್ಬೆರಳುಗಳಿಗೆ ಒಂದೇ ಒಂದು ಪಟ್ಟಿ. ಎಲ್ಲಕ್ಕಿಂತ ಬಡವಾದ ಕಿರುಬೆರಳಿಗೆ ಹತ್ತೆಂಟು ಕೀಲಿಗಳು! ವರ್ಷಗಟ್ಟಲೆ ಹೀಗೆ ನಡೆದರೆ ಕೆಲವರ ಮಣಿಕಟ್ಟು ನೋಯತೊಡಗುವುದು ಆಶ್ಚರ್ಯವಲ್ಲ.

ಹಾಗೆ ನೊಂದವರಲ್ಲಿ ಅಮೆರಿಕಾದ ಜೆಸ್ಸಿ ವಿನ್ಸೆಂಟ್ ಎಂಬವರೊಬ್ಬರು. ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯುವುದೇ ಅವರ ಕಸುಬು. ಮೊಬೈಲ್ ಫೋನಿನಲ್ಲಿ ಮಿಂಚಂಚೆಯನ್ನು ಓದುವುದಕ್ಕಾಗಿ ‘ಕೆ-9 ಮೇಲ್’ ಎಂಬುದನ್ನು ಮೊದಲಿಗೆ ರಚಿಸಿದವರು ಅವರೇ. ಅಂಗಡಿಗಳಲ್ಲಿ ದೊರೆಯುವ ಯಾವ ಕೀಲಿಮಣೆಯೂ ತಮ್ಮ ಕೈಗೆ ಒಗ್ಗದಿರಲು, ತಾವೇ ಒಂದನ್ನು ಮಾಡಿಕೊಳ್ಳಬಾರದೇಕೆಂದು ಹೊರಟರು. ತರುವಾಯ ಪತ್ನಿಯಾದ ಕೈಯಾ ಡೆಕ್ಕರ್ ಅವರೊಡಗೂಡಿ ‘ಕೀಬೋರ್ಡಿಯೋ’ ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿದರು. ಅವರು ಲೋಕಕ್ಕೆ ಕೊಟ್ಟ ಮೊದಲನೆಯ ಕೀಲಿಮಣೆಗೆ ‘ಮಾಡೆಲ್ 01’ ಎಂದು ಹೆಸರು. ಇಂತಹ ಸಾಹಸಗಳು ಬೇರೆ ಇಲ್ಲವೆಂದಲ್ಲ. ಆದರೆ ಈ ದಂಪತಿಗಳು ತಮ್ಮ ಗೆಲವನ್ನೂ ಸೋಲನ್ನೂ ಮುಚ್ಚುಮರೆಯಿಲ್ಲದೆ ಗಿರಾಕಿಗಳಿಗೆ ಬರೆದು ತಿಳಿಸುತ್ತ ಬಂದುದರಿಂದ, ಒಂದು ಸಾಮಾನು ಮನಸ್ಸಿನಿಂದ ಕೈಗೆ ಬರುವ ದಾರಿಯು ಎಷ್ಟು ದೂರವೆಂಬುದನ್ನು ನಾವೂ ಕಾಣುವಂತಾಗಿದೆ.

ಮೊದಲು ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಪ್ರತಿಯೊಂದು ಕೀಲಿಯ ಕೆಳಗೂ ಒಂದು ಪುಟ್ಟ ಸ್ವಿಚ್ಚು, ಅದರೊಳಗೊಂದು ಸ್ಪ್ರಿಂಗು. ಮಾಡೆಲ್ 01ರಲ್ಲಿರುವುದು 64 ಕೀಲಿಗಳು. ಒಂದೊಂದಕ್ಕೂ ಬೇರೆ ಬೇರೆ ತಂತಿಯನ್ನೆಳೆದರೆ ಅದು ಕೀಲಿಮಣೆಯಾಗದೆ ಜೇಡರಬಲೆಯಾದೀತು. ಇದಕ್ಕೆ ಕುಶಲರು ಕಂಡುಕೊಂಡಿರುವ ಉಪಾಯವು ಬೆಂಗಳೂರಿನ ಬಡಾವಣೆಗಳನ್ನು ಬಲ್ಲವರಿಗೆ ಸುಲಭವಾಗಿ ತಿಳಿಯುವುದು. ಮಲ್ಲೇಶ್ವರದಲ್ಲಿ ಮನೆಯೊಂದನ್ನು ಹುಡುಕುವವನಿಗೆ ಇಷ್ಟನೆಯ ಮೇನ್ ರೋಡು, ಇಷ್ಟನೆಯ ಕ್ರಾಸು ಎಂದರೆ ಸಾಕಷ್ಟೆ? ಹಾಗೆಯೇ 8 ಉದ್ದದ ತಂತಿಗಳನ್ನೂ 8 ಅಡ್ಡತಂತಿಗಳನ್ನೂ ಹಾಸಿದರೆ ಅವು ಸಂಧಿಸುವ ಸ್ಥಳಗಳು 64. ತಂತಿಗಳು ಮಾತ್ರ 16. ಒಳಗಿನ ಚಿಕ್ಕ ಗಣಕವು ಒಂದೊಂದೇ ಬೀದಿಯನ್ನು ಸೆಕೆಂಡಿಗೆ ನೂರಾರು ಸಲ ಸುತ್ತಿ, ಯಾವ ಮೂಲೆಯಲ್ಲಿ ಬೆರಳು ಬಿದ್ದಿದೆಯೆಂದು ನೋಡಿಕೊಂಡು ಬರುವುದು.

ಇದರಲ್ಲೊಂದು ತೊಡಕುಂಟು. ಚೌಕದ ಮೂರು ಮೂಲೆಗಳ ಕೀಲಿಗಳನ್ನು ಏಕಕಾಲಕ್ಕೆ ಒತ್ತಿದರೆ ವಿದ್ಯುತ್ತು ಹಿಂದುಮುಂದಾಗಿ ಹರಿದು, ಒತ್ತದಿರುವ ನಾಲ್ಕನೆಯ ಮೂಲೆಯಲ್ಲಿಯೂ ಬೆರಳಿದ್ದಂತೆ ತೋರಿಬಿಡುವುದು. ಕಸುಬಿನವರು ಇದನ್ನು ಭೂತವೆಂದೇ ಕರೆಯುತ್ತಾರೆ. ಭೂತವನ್ನು ಬಿಡಿಸುವುದಕ್ಕೆ ಪ್ರತಿಯೊಂದು ಸ್ವಿಚ್ಚಿನ ಬಳಿಯಲ್ಲಿಯೂ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುವ ಡಯೋಡನ್ನು ಕೂಡಿಸುವರು. ಇನ್ನೊಂದು ತೊಡಕು ಲೋಹದ ಸ್ವಭಾವದ್ದು. ಸ್ವಿಚ್ಚಿನ ಎರಡು ತಗಡುಗಳು ಮುಟ್ಟಿದೊಡನೆ ನೆಲಕ್ಕೆ ಬಿದ್ದ ಚೆಂಡಿನಂತೆ ಕೆಲವು ಬಾರಿ ಪುಟಿಯುವುವು. ಅದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲಿನ ಹೊತ್ತು. ಆದರೆ ಗಣಕಕ್ಕೆ ಅಷ್ಟೇ ಯಥೇಷ್ಟ. ಆ ಹೊತ್ತು ತಾಳ್ಮೆಯಿಂದಿರೆಂದು ಅದಕ್ಕೆ ಕಲಿಸದಿದ್ದರೆ ಒಂದೇ ಒತ್ತಿಗೆ ಮೂರು ಅಕ್ಷರಗಳು ಮೂಡುವುವು.

ಕೀಲಿಮಣೆಯು ಗಣಕಯಂತ್ರಕ್ಕೆ ಕಳುಹಿಸುವುದು ಅಕ್ಷರವನ್ನಲ್ಲ, ಒಂದು ಅಂಕೆಯನ್ನು ಮಾತ್ರ. ಇಂಗ್ಲಿಷಿನ ‘ಎ’ ಇರುವ ಕೀಲಿಗೆ 4, ಸಾಲು ಮುಗಿಸುವ ‘ಎಂಟರ್’ ಕೀಲಿಗೆ 40 ಎಂದು ಸರ್ವಸಮ್ಮತವಾದ ಒಂದು ಪಟ್ಟಿಯುಂಟು. ಆ ಅಂಕೆಯನ್ನು ಯಾವ ಅಕ್ಷರವೆಂದು ಎಣಿಸಬೇಕೆಂಬುದು ಯಂತ್ರದ ಕೆಲಸ. ನಮ್ಮವರೇ ಆದ ಕಿನ್ನಿಕಂಬಳ ಪದ್ಮನಾಭರಾಯರು, ಎಂದರೆ ಎಲ್ಲರೂ ಬಲ್ಲ ಕೆ. ಪಿ. ರಾಯರು, ಹೊಸ ಕೀಲಿಗಳೊಂದನ್ನೂ ಬೇಡದೆ, ಇಂಗ್ಲಿಷ್ ಕೀಲಿಮಣೆಯಲ್ಲಿಯೇ ಕನ್ನಡದ ಸಮಸ್ತ ಅಕ್ಷರಗಳನ್ನೂ ಧ್ವನಿಗನುಗುಣವಾಗಿ ಕೂಡಿಸಲು ಸಾಧ್ಯವಾದುದು ಇದರಿಂದಲೇ. ಕೀಲಿಯ ಆಕಾರ ಹೇಗೇ ಇರಲಿ, ಎಲ್ಲಿಯೇ ಇರಲಿ, ಅಂಕೆಯು ಸರಿಯಾಗಿದ್ದರೆ ‘ಕ’ಕಾರವು ಮೂಡಿಯೇ ಮೂಡುವುದು. ಆದುದರಿಂದ ಹೊಸ ರೂಪದ ಕೀಲಿಮಣೆಯನ್ನು ಮಾಡತಕ್ಕವನಿಗೆ ಯಂತ್ರದ ಭಯವಿಲ್ಲ. ಅವನ ಕಷ್ಟವೆಲ್ಲ ಕೈಗೂ ಮರಕ್ಕೂ ಪ್ಲಾಸ್ಟಿಕ್ಕಿಗೂ ಸಂಬಂಧಪಟ್ಟುದು.

ಮಾದರಿಯ ಕೆಲಸವು ಕಾಗದದ ಮೇಲೆ ಅಂಗೈಯನ್ನಿಟ್ಟು ಬೆರಳ ತುದಿಗಳನ್ನು ಗುರುತುಮಾಡುವುದರಿಂದ ತೊಡಗುವುದುಂಟು. ಆಮೇಲೆ ತೆಳುಹಲಗೆಯನ್ನೋ ಅಕ್ರಿಲಿಕ್ಕನ್ನೋ ಲೇಸರಿನ ಕಿರಣದಿಂದ ಕತ್ತರಿಸಿ, ಸ್ವಿಚ್ಚುಗಳನ್ನು ಕೂರಿಸಿ, ಕೈಯಿಂದಲೇ ತಂತಿಗಳನ್ನು ಬೆಸೆದು, ಆ ಕುರೂಪಿಯಾದ ವಸ್ತುವಿನ ಮೇಲೆಯೇ ದಿನದ ಕೆಲಸವನ್ನೆಲ್ಲ ಮಾಡಿ ನೋಡಬೇಕು. ಒಂದು ಗಂಟೆ ಹಿತವಾಗಿದ್ದುದು ಎಂಟು ಗಂಟೆಯ ನಂತರ ನೋಯಬಹುದು. ವಿನ್ಸೆಂಟರು ಹೀಗೆ ಒಂದಾದಮೇಲೊಂದು ಮಾದರಿಯನ್ನು ಕಟ್ಟಿ ಒಡೆದು ಕೊನೆಗೊಂದು ರೂಪಕ್ಕೆ ಬಂದರು: ಚಿಟ್ಟೆಯ ರೆಕ್ಕೆಗಳಂತೆ ಅಗಲಿಕೊಂಡಿರುವ ಎರಡು ಭಾಗಗಳು, ಹೆಬ್ಬೆರಳಿಗೆಂದು ಕಮಾನಿನಂತೆ ಜೋಡಿಸಿದ ಕೀಲಿಗಳು, ಅಂಗೈಯ ಬುಡದಿಂದ ಒತ್ತಬಹುದಾದ ಇನ್ನೊಂದು, ಒಂದೊಂದು ಕೀಲಿಗೂ ಬೆರಳು ತಲಪುವ ದಿಕ್ಕಿಗೆ ತಕ್ಕಂತೆ ಅದರದೇ ಆದ ತಗ್ಗು, ಬಾಗು. ಇದೆಲ್ಲಕ್ಕೂ ಮೇಪಲ್ ಮರದ ಕವಚ. ಸ್ವಿಚ್ಚುಗಳು ಕೆನಡಾ ದೇಶದ ಮಟಿಯಾಸ್ ಕಂಪೆನಿಯವು.

2015ರ ಜೂನ್ ತಿಂಗಳಿನಲ್ಲಿ ಅವರು ‘ಕಿಕ್‌ಸ್ಟಾರ್ಟರ್’ ಎಂಬ ಏರ್ಪಾಡಿನ ಮೂಲಕ ಜನರ ಮುಂದೆ ಬಂದರು. ಇದು ಹಿಂದೆ ನಮ್ಮಲ್ಲಿ ಪುಸ್ತಕ ಪ್ರಕಟಣೆಗೆ ಮುಂಗಡ ಚಂದಾ ಕೂಡಿಸುತ್ತಿದ್ದ ಪದ್ಧತಿಯಂತೆಯೇ ಸರಿ: ವಸ್ತುವು ಇನ್ನೂ ತಯಾರಾಗಿಲ್ಲ, ನೀವು ಹಣವನ್ನು ಕೊಟ್ಟರೆ ತಯಾರಿಸಿ ಕಳುಹಿಸುತ್ತೇವೆ. ಒಂದಕ್ಕೆ ಸುಮಾರು 300 ಡಾಲರು ಬೆಲೆ. ಅಷ್ಟನ್ನು ಕೊಡುವವರು ಯಾರೆಂದು ನಮಗನ್ನಿಸಿತ್ತು; ಒಟ್ಟಾದ ಹಣ 6,50,000 ಡಾಲರು! ಕೀಲಿಮಣೆಗಳನ್ನು ಮರುವರ್ಷವೇ ಕೊಡುವುದಾಗಿ ಮಾತು. ಅಲ್ಲಿಂದ ಮುಂದೆ ಸ್ವಂತ ಕೈನೋವಿನ ವಿಚಾರ ಹಿಂದೆ ಸರಿದು, ಕೊಟ್ಟ ಮಾತಿನ ವಿಚಾರವು ಮುಂದಕ್ಕೆ ಬಂದಿತು.

ತಯಾರಿಕೆಯನ್ನು ವಹಿಸಿದುದು ಚೀನಾ ದೇಶದ ಷೆಂಜೆನ್ ಸೀಮೆಯ ಕಾರ್ಖಾನೆಗೆ. ಮನೆಯಲ್ಲಿ ಒಂದು ಮಾದರಿಯನ್ನು ಮಾಡುವವನು ತಪ್ಪು ಕಂಡಲ್ಲಿ ಅರ ಹಾಕಿ ಸವೆಸಿ ಸರಿಮಾಡಿಕೊಳ್ಳಬಹುದು. ಸಾವಿರಾರು ಮಾಡುವಲ್ಲಿ ಅರಕ್ಕೆ ಅವಕಾಶವಿಲ್ಲ. ಎಲ್ಲವೂ ಅಚ್ಚಿನಿಂದಲೇ ಸರಿಯಾಗಿ ಬರಬೇಕು. ಉಕ್ಕಿನ ಅಚ್ಚಿನೊಳಕ್ಕೆ ಕರಗಿದ ಪ್ಲಾಸ್ಟಿಕ್ಕನ್ನು ಬಹಳ ಒತ್ತಡದಿಂದ ನುಗ್ಗಿಸಿ, ತಣಿದ ಮೇಲೆ ತೆಗೆಯುವರು. ನಮ್ಮ ಇಡ್ಲಿಯು ತಟ್ಟೆಯಲ್ಲಿ ಉಬ್ಬುವುದು, ಪ್ಲಾಸ್ಟಿಕ್ಕಾದರೋ ಕುಗ್ಗುವುದು. ಕೀಲಿಗಳಿಗೆ ಬಳಸುವ ಎ.ಬಿ.ಎಸ್. ಎಂಬ ಜಾತಿಯು ನೂರಕ್ಕೆ ಸುಮಾರು ಅರೆಪಾಲಿನಷ್ಟು ಕುಗ್ಗುವುದೆಂದು ಲೆಕ್ಕ. ಆದುದರಿಂದ ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಕೊರೆಯಬೇಕು. ದಪ್ಪವಾದ ಭಾಗವು ತಡವಾಗಿ ತಣಿಯುವುದರಿಂದ ಅದರ ಹೊರಮೈ ಒಳಕ್ಕೆ ಕುಸಿದು ಕುಳಿಬೀಳುವುದುಂಟು. ಅಚ್ಚಿನಿಂದ ಉಕ್ಕನ್ನು ಕೆತ್ತಿ ತೆಗೆಯುವುದು ಸುಲಭ. ತೆಗೆದುದನ್ನು ಮರಳಿ ಕೂಡಿಸುವುದು ಬಹು ಕಷ್ಟ. ಬೆಳೆಯುವ ಮಗುವಿನ ಲಂಗಕ್ಕೆ ದರ್ಜಿಯು ಮಡಿಕೆ ಬಿಡುವಂತೆ, ಬುದ್ಧಿವಂತನಾದ ಅಚ್ಚುಗಾರನು ಅನುಮಾನವಿದ್ದಲ್ಲಿ ಉಕ್ಕನ್ನು ತುಸು ಹೆಚ್ಚಾಗಿಯೇ ಉಳಿಸಿರುತ್ತಾನೆ. ಮೊದಲ ಸಲ ತೆಗೆದ ತುಣುಕುಗಳನ್ನು ಅಳೆದು, ಅಚ್ಚನ್ನು ಕೆತ್ತಿ, ಮತ್ತೆ ತೆಗೆದು, ಮತ್ತೆ ಅಳೆಯುವುದರಲ್ಲಿ ವಾರಗಳು ಉರುಳುವುವು.

ಕೀಲಿಗಳೆಲ್ಲ ಒಂದೇ ಆಕಾರದವಾಗಿದ್ದರೆ ಇದೊಂದು ಹೊರೆಯಾಗುತ್ತಿರಲಿಲ್ಲ. ಇಲ್ಲಿ ಒಂದೊಂದು ಕೀಲಿಗೂ ಒಂದೊಂದು ರೂಪವೆಂದು ಮೊದಲೇ ಹೇಳಿದೆವು. ಅದಲ್ಲದೆ ಪ್ರತಿ ಕೀಲಿಯ ಕೆಳಗೂ ದೀಪವಿರುವುದರಿಂದ, ಬೆಳಕು ತೂರುವ ಪ್ಲಾಸ್ಟಿಕ್ಕಿಗೆ ಕಪ್ಪು ಬಣ್ಣವನ್ನು ಬಳಿದು, ಅಕ್ಷರವಿರುವಲ್ಲಿ ಮಾತ್ರ ಬಣ್ಣವನ್ನು ಲೇಸರಿನಿಂದ ಸುಟ್ಟು ತೆಗೆಯಬೇಕು. ಬಣ್ಣವು ದಪ್ಪವಾದರೆ ಅಕ್ಷರವು ಮಂಕು. ತೆಳುವಾದರೆ ಬೆರಳಿನ ಉಜ್ಜಿಗೆ ಸವೆಯುವುದು. ಮರದ ಸಂಗತಿ ಇದಕ್ಕೂ ಬೇರೆ. ಮಳೆಗಾಲದಲ್ಲಿ ಮನೆಯ ಬಾಗಿಲು ಹಿಡಿದುಕೊಳ್ಳುವುದನ್ನು ಕಾಣದವರಾರು? ತೇವವಾದ ಊರಿನಲ್ಲಿ ಕಡೆದ ಮರವು ಒಣಹವೆಯ ಊರಿಗೆ ಹೋದಾಗ ಕುಗ್ಗುವುದು. ಪ್ಲಾಸ್ಟಿಕ್ಕಿನ ಕವಚವನ್ನೇ ಆರಿಸಿಕೊಂಡಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತೆಂಬುದು ನಮ್ಮ ಅಭಿಪ್ರಾಯ. ಆದರೆ ಜನರು ಹಣಕೊಟ್ಟುದೂ ಆ ಮರವನ್ನು ನೋಡಿಯೇ ಎಂಬುದನ್ನು ಒಪ್ಪಬೇಕು.

ಪರೀಕ್ಷೆಗಳ ಮಾತು. ಕೈಗಾರಿಕೆಯವರು ಇವನ್ನು ಮೂರು ಮೆಟ್ಟಲುಗಳಾಗಿ ಮಾಡಿಕೊಂಡಿರುವರು. ಮೊದಲು ಕೆಲವನ್ನೇ ಮಾಡಿ ವಸ್ತುವು ಕೆಲಸಮಾಡುವುದೇ ಎಂದು ನೋಡುವರು. ಆಮೇಲೆ ನಿಜವಾದ ಅಚ್ಚಿನಿಂದ ತೆಗೆದುವು ಬಾಳುವುವೇ ಎಂದು ನೋಡುವರು. ಕೊನೆಯದಾಗಿ ಕಾರ್ಖಾನೆಯ ಕೆಲಸಗಾರರೇ, ತಮ್ಮ ಹತಾರಗಳಿಂದಲೇ, ದಿನದಿನವೂ ಒಂದೇ ಬಗೆಯಾಗಿ ಮಾಡಬಲ್ಲರೇ ಎಂದು ನೋಡುವರು. ದಣಿವರಿಯದ ಯಂತ್ರದ ಬೆರಳು ಸ್ವಿಚ್ಚನ್ನು ಲಕ್ಷಗಟ್ಟಲೆ ಬಾರಿ ಒತ್ತುವುದು. ಪೆಟ್ಟಿಗೆಯನ್ನು ಮೂಲೆಯ ಮೇಲೂ ಅಂಚಿನ ಮೇಲೂ ನೆಲಕ್ಕೆ ಕೆಡವುವರು. ಬಿಸಿ ಮತ್ತು ತೇವದ ಕೋಣೆಯಲ್ಲಿ ದಿನಗಟ್ಟಲೆ ಇಡುವರು. ರೇಡಿಯೋ ಮೊದಲಾದುವಕ್ಕೆ ತೊಂದರೆಯಾಗುವಷ್ಟು ವಿದ್ಯುತ್ತಿನ ಅಲೆಗಳು ಹೊರಡುವುದಿಲ್ಲವೆಂದು ಸರ್ಕಾರದ ನಿಯಮದಂತೆ ತೋರಿಸಿಕೊಡಬೇಕು. ಇಷ್ಟಾದರೂ ಪೆಟ್ಟಿಗೆಗೆ ಸೇರುವ ಮುನ್ನ ಒಂದೊಂದು ಕೀಲಿಮಣೆಯ ಒಂದೊಂದು ಕೀಲಿಯನ್ನೂ ಒತ್ತಿ, ಒಂದೊಂದು ದೀಪವನ್ನೂ ಹೊತ್ತಿಸಿ ನೋಡದೆ ಬಿಡುವಂತಿಲ್ಲ.

ಇವುಗಳ ಮಧ್ಯೆ ಚೀನೀಯರ ಹೊಸವರ್ಷವೂ ಬರುವುದು. ಕೆಲಸಗಾರರೆಲ್ಲ ದೂರದ ಹಳ್ಳಿಗಳಿಗೆ ಹೊರಟುಹೋಗಿ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚಿರುವುವು; ಹಿಂತಿರುಗದವರ ಸ್ಥಾನಕ್ಕೆ ಹೊಸಬರಿಗೆ ಕೆಲಸ ಕಲಿಸಬೇಕು. 2016 ಕಳೆಯಿತು. ಕೀಲಿಮಣೆಗಳು ಗಿರಾಕಿಗಳ ಕೈಸೇರತೊಡಗಿದುದು 2017ರಲ್ಲಿ.

ಪ್ಲಾಸ್ಟಿಕ್ಕನ್ನು ಅಳೆಯಲು ಉಪಕರಣವಿದೆ. ಮನುಷ್ಯರ ಮಾತನ್ನು ಅಳೆಯುವ ಉಪಕರಣವು ಅವರ ಬಳಿ ಇರಲಿಲ್ಲ. 2018ರಲ್ಲಿ ಹೊರಬಿದ್ದ ಸಂಗತಿಯೇನೆಂದರೆ, ಕಾರ್ಖಾನೆಗೂ ಈ ದಂಪತಿಗಳಿಗೂ ನಡುವೆ ನಿಂತು ವ್ಯವಹಾರ ನಡೆಸುತ್ತಿದ್ದ ಕಾರ್ಖಾನೆಯದೇ ಒಬ್ಬ ಉದ್ಯೋಗಿಯು ಅತ್ತ ಒಂದು ಕಥೆಯನ್ನೂ ಇತ್ತ ಒಂದು ಕಥೆಯನ್ನೂ ಹೇಳುತ್ತ, 1,00,000 ಡಾಲರಿಗೂ ಮಿಗಿಲಾದ ಹಣವನ್ನು ಲಪಟಾಯಿಸಿದ್ದುದು. ಬರಬೇಕಾದ ಸಾಮಾನುಗಳು ಬರದೆ, ಕಾರಣಗಳು ಮಾತ್ರ ಬರುತ್ತಿದ್ದುದರ ಗುಟ್ಟು ಆಗ ತಿಳಿಯಿತು. ಭಾಷೆ ಬಾರದ ಊರಿನಲ್ಲಿ ಒಬ್ಬರ ಬಾಯಿಂದಲೇ ಎಲ್ಲವನ್ನೂ ಕೇಳಬೇಕಾದವರ ಪಾಡು ಹೀಗಾಗುವುದು. ನಮ್ಮ ಊರಿನಲ್ಲಿ ಮನೆ ಕಟ್ಟಿಸಿದವರಲ್ಲಿ ಕೆಲವರಾದರೂ ಇದನ್ನೋದಿ ಮೇಸ್ತ್ರಿಯ ನೆನಪಾಗಿ ನಿಟ್ಟುಸಿರುಬಿಟ್ಟಾರು.

ಇಂತಹ ವರ್ತಮಾನವನ್ನು ಮುಚ್ಚಿಡುವುದು ವ್ಯಾಪಾರಿಗಳ ರೂಢಿ. ಹಣ ಕೊಟ್ಟು ವರ್ಷಗಟ್ಟಲೆ ಕಾದಿದ್ದವರಿಗೆ ಅವರು ನಡೆದುದೆಲ್ಲವನ್ನೂ ಬರೆದು ತಿಳಿಸಿದರು. ಅಂಗಡಿಯ ಬಾಗಿಲನ್ನೂ ಮುಚ್ಚಲಿಲ್ಲ. 2020ರಲ್ಲಿ 44 ಕೀಲಿಗಳ ‘ಏಟ್ರಿಯಸ್’ ಎಂಬ ಚಿಕ್ಕದೊಂದು, 2021ರಲ್ಲಿ ‘ಮಾಡೆಲ್ 100’ ಎಂಬ ದೊಡ್ಡದೊಂದು ಅದೇ ಚಂದಾ ಪದ್ಧತಿಯಿಂದಲೇ ಹೊರಟುವು. ಮಾಡೆಲ್ 01ರಲ್ಲಿ ಸ್ವಿಚ್ಚು ಕೆಟ್ಟರೆ ಬೆಸುಗೆಯನ್ನು ಬಿಡಿಸಬೇಕಾಗಿತ್ತು. ಹೊಸದರಲ್ಲಿ ಅದನ್ನು ಕೈಯಿಂದಲೇ ಕಿತ್ತು ಬೇರೊಂದನ್ನು ಕೂರಿಸಬಹುದು.

ಹೇಳಲು ಮರೆತೆವು: ಮಾಡೆಲ್ 01ರ ಪೆಟ್ಟಿಗೆಯಲ್ಲಿ ಕೀಲಿಮಣೆಯ ಜೊತೆಗೆ ಒಂದು ತಿರುಪುಳಿಯನ್ನೂ ಇಟ್ಟು ಕೊಡುತ್ತಿದ್ದರು. ಕೊಂಡವನು ಬೇಕಾದಾಗ ತಿರುಪುಗಳನ್ನು ಬಿಚ್ಚಿ ಒಳಗನ್ನು ನೋಡಬಹುದು. ಒಳಗಿನ ಕ್ರಮವಿಧಿಯನ್ನೂ ತನಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ನಮ್ಮ ಅಜ್ಜಿಯರ ಹೊಲಿಗೆಯ ಯಂತ್ರದ ಖಾನೆಯಲ್ಲಿಯೂ ಎಣ್ಣೆಯ ಬುಡ್ಡಿಯ ಪಕ್ಕದಲ್ಲಿ ಅಂತಹದೇ ಒಂದು ಪುಟ್ಟ ತಿರುಪುಳಿ ಇರುತ್ತಿತ್ತು.