‘ಹಿಂಬಡ್ತಿ’ – ಒಂದು ಪದವಿಚಾರ

ಮೇಲಿನ ಹುದ್ದೆಯಲ್ಲಿದ್ದವನನ್ನು ಕೆಳಗಿನ ಹುದ್ದೆಗೆ ತರುವುದಕ್ಕೆ ಕಚೇರಿಗಳ ಕನ್ನಡದಲ್ಲಿ ‘ಹಿಂಬಡ್ತಿ’ ಎನ್ನುವುದು ವಾಡಿಕೆ. ಕೋರ, ಗುಬ್ಬಿ, ಕುಣಿಗಲುಗಳ ಸೀಮೆಯ ಹಳ್ಳಿಗನು ಅದನ್ನೇ ‘ಕೆಳಕ್ಕಿಳಿಸಿದರು’ ಎಂದಾನು. ಅರ್ಥಕ್ಕೆ ಹತ್ತಿರವಾದುದು ಹಳ್ಳಿಗನ ಮಾತೇ.

‘ಬಡ್ತಿ’ ಅಚ್ಚಗನ್ನಡದ ಪದವಲ್ಲ. ಮರಾಠಿ, ಹಿಂದೂಸ್ಥಾನಿಗಳ ‘ಬಢತೀ’ಯಿಂದ ಬಂದುದು, ಬೆಳವಣಿಗೆ, ಹೆಚ್ಚಳ ಎಂದು ಅದರ ಅರ್ಥ. ಮೂಲದಲ್ಲಿ ಸಂಸ್ಕೃತದ ‘ವೃಧ್’ ಧಾತುವಿದೆ. ಅದೇ ಧಾತುವಿನ ‘ವೃದ್ಧಿ’ ನಮ್ಮಲ್ಲಿ ತದ್ಭವವಾಗಿ ‘ಬಡ್ಡಿ’ಯಾಗಿದೆ. ಬಡ್ತಿಯೂ ಬಡ್ಡಿಯೂ ದಾಯಾದಿಗಳೆಂದರೆ ಸಂಬಳದವರು ನಕ್ಕಾರು! ಬಡ್ತಿಯೆಂದರೆಯೇ ಏರಿಕೆಯಾದುದರಿಂದ ‘ಮುಂಬಡ್ತಿ’ ಎಂಬುದು ಪುನರುಕ್ತಿ. ‘ಹಿಂಬಡ್ತಿ’ಗಾದರೋ ‘ಹಿಂದಕ್ಕೆ ಏರುವಿಕೆ’ ಎಂಬ ವಿಚಿತ್ರಾರ್ಥವೇ ದಕ್ಕುತ್ತದೆ. ಆದರೂ ರೂಢಿಯು ವ್ಯುತ್ಪತ್ತಿಗಿಂತ ಬಲವತ್ತರವಾದುದು.

‘ಪದಾವನತಿ’ ಎಂಬ ಸಂಸ್ಕೃತ ಸಮಾಸವೂ ಉಂಟು. ಉನ್ನತಿ, ಅವನತಿ, ನಮಸ್ಕಾರ ಈ ಮೂರೂ ‘ನಮ್’ ಧಾತುವಿನವು. ಬಾಗುವುದು ಒಂದೇ, ತಾನಾಗಿ ಬಾಗಿದರೆ ನಮಸ್ಕಾರ, ಪದವಿಯಿಂದ ಬಾಗಿಸಲ್ಪಟ್ಟರೆ ಪದಾವನತಿ. ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರದಲ್ಲಿ ಶರಣನು ತಾನೇ ಕಿರಿಯನಾಗುತ್ತಾನೆ. ಕನ್ನಡದ ‘ಇಳಿ’, ‘ಇಳಿಸು’ ಎಂಬ ಧಾತುಗಳ ಅಂತರವೂ ಇದೇ. ಕಚೇರಿಯದು ‘ಇಳಿಸು’.

ಆ ಇಳಿಸುವಿಕೆಯಲ್ಲಿಯೂ ಎರಡು ಬಗೆಗಳುಂಟು, ತೊಡಕಿರುವುದು ಇಲ್ಲಿ. ಸಂವಿಧಾನದ 311(2)ನೆಯ ಅನುಚ್ಛೇದವು ವಜಾ, ತೆಗೆದುಹಾಕುವಿಕೆಗಳೊಡನೆ ದರ್ಜೆಯ ಇಳಿಕೆಯನ್ನೂ ಹೇಳಿ, ವಿಚಾರಣೆಯಿಲ್ಲದೆ ಇವನ್ನು ಸಾಮಾನ್ಯವಾಗಿ ವಿಧಿಸಕೂಡದೆಂದಿದೆ. ಇದು ದಂಡನೆ. ಆದರೆ ತಾತ್ಕಾಲಿಕವಾಗಿ ಮೇಲಿನ ಹುದ್ದೆಯನ್ನು ನಿರ್ವಹಿಸುತ್ತಿದ್ದವನು ಮೂಲ ಹುದ್ದೆಗೆ ಮರಳಿದ ಮಾತ್ರಕ್ಕೆ ಅದು ದಂಡನೆಯಾಗದೆಂದು ಪುರುಷೋತ್ತಮ ಲಾಲ್ ಧಿಂಗ್ರಾ ಪ್ರಕರಣದಲ್ಲಿ (1957) ಸರ್ವೋಚ್ಚ ನ್ಯಾಯಾಲಯವು ವಿವೇಚಿಸಿತು. ಕನ್ನಡದಲ್ಲಿ ಎರಡಕ್ಕೂ ‘ಹಿಂಬಡ್ತಿ’ ಒಂದೇ ಪದ.

ಇದರ ಪರಿಣಾಮ 2017ರ ಅನಂತರ ಕಂಡುಬಂದಿತು. ಆ ವರ್ಷದ ಫೆಬ್ರವರಿ 9ರಂದು, ಬಿ. ಕೆ. ಪವಿತ್ರ ಪ್ರಕರಣದಲ್ಲಿ, ಮೀಸಲಾತಿಯಿಂದ ಬಡ್ತಿ ಪಡೆದವರ ಜ್ಯೇಷ್ಠತೆಯನ್ನು ಕುರಿತ ಕರ್ನಾಟಕದ 2002ರ ಅಧಿನಿಯಮದ ಮುಖ್ಯ ಉಪಬಂಧಗಳನ್ನು ನ್ಯಾಯಾಲಯವು ಅಸಿಂಧುಗೊಳಿಸಿತು. ಜ್ಯೇಷ್ಠತಾ ಪಟ್ಟಿಗಳು ಬದಲಾದವು. ಪರಿಶಿಷ್ಟ ಜಾತಿ, ಪಂಗಡಗಳ ಅನೇಕ ನೌಕರರು ಕೆಳಗಿನ ಹುದ್ದೆಗೆ ಇಳಿಯಬೇಕಾಯಿತು. ಅವರ ಮೇಲೆ ಆರೋಪವಿರಲಿಲ್ಲ, ತಪ್ಪೂ ಇರಲಿಲ್ಲ. ಆದರೂ ಪತ್ರಿಕೆಗಳಲ್ಲಿ ‘ಹಿಂಬಡ್ತಿ’ ಎಂದು ಓದಿದ ನೆರೆಯವನಿಗೆ, ಲಂಚಕ್ಕೆ ಸಿಕ್ಕಿ ದರ್ಜೆ ಕಳೆದುಕೊಂಡವನಿಗೂ ಇವರಿಗೂ ಭೇದ ತೋರುವುದೆಂತು? ಮುಂದೆ ರಾಜ್ಯವು 2018ರಲ್ಲಿ ಹೊಸ ಅಧಿನಿಯಮವನ್ನು ತಂದಿತು; 2019ರ ಮೇ 10ರಂದು ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಹುದ್ದೆಯ ವ್ಯಾಜ್ಯವು ಹೀಗೆ ಇತ್ಯರ್ಥವಾಯಿತು, ಪದದ ದೋಷ ಉಳಿಯಿತು.

ದಂಡನೆಯಾದಲ್ಲಿ ‘ದರ್ಜೆ ಇಳಿಕೆಯ ದಂಡನೆ’ ಎಂದೂ, ಅಲ್ಲದಲ್ಲಿ ‘ಕೆಳಹುದ್ದೆಗೆ ಮರಳಿಕೆ’ ಎಂದೂ ಬೇರ್ಪಡಿಸಿ ಬರೆಯಲು ಕನ್ನಡಕ್ಕೆ ಶಕ್ತಿಯುಂಟು. ಆಜ್ಞೆ ಬರೆಯುವ ಗುಮಾಸ್ತನಿಗೆ ಎರಡು ಪದ ಹೆಚ್ಚಾದೀತು, ಅಷ್ಟೆ.