ಮಿದುಳಿನ ಗುಳ್ಳೆ: ಮುಚ್ಚುವ ಕೈ, ಜೊತೆಗಿರುವ ಜನ

ಮಿದುಳಿನ ರಕ್ತನಾಳಗಳು ಕವಲೊಡೆಯುವ ಜಾಗದಲ್ಲಿ ರಕ್ತದ ಹೊಡೆತ ಸದಾ ಹೆಚ್ಚು. ಅಲ್ಲಿ ನಾಳದ ಗೋಡೆ ಸೋತು, ತೆಳುವಾಗಿ ಹೊರಕ್ಕೆ ಉಬ್ಬಿಕೊಂಡರೆ ವೈದ್ಯರು ಅದನ್ನು ಅನ್ಯೂರಿಸಂ ಎನ್ನುತ್ತಾರೆ. ವಾರ್ಡಿನ ಜನ ‘ತಲೆಯೊಳಗೆ ಗುಳ್ಳೆ’ ಎನ್ನುತ್ತಾರೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇಂಥದ್ದೊಂದು ಇರುತ್ತದೆ. ಹೆಚ್ಚಿನವರಿಗೆ ಬದುಕಿಡೀ ಅದರ ಸುಳಿವೇ ಸಿಗುವುದಿಲ್ಲ. ಆದರೆ ಒಡೆದರೆ ಮಿದುಳಿನ ಸುತ್ತ ರಕ್ತ ಹರಡಿ, ನೋಡನೋಡುತ್ತಿದ್ದಂತೆ ಜೀವಕ್ಕೆ ಕುತ್ತು ಬರುತ್ತದೆ. ಒಂದು ಇದ್ದವರಲ್ಲಿ ಐದಕ್ಕೊಬ್ಬರಿಗಾದರೂ ಇನ್ನೊಂದು ಇರುತ್ತದೆ. ಮುಚ್ಚಿದ್ದು ಮತ್ತೆ ತೆರೆದುಕೊಳ್ಳುವುದುಂಟು, ಬೇರೆಡೆ ಹೊಸದು ಮೂಡುವುದೂ ಉಂಟು.

ಈ ಗುಳ್ಳೆಯನ್ನು ಮುಚ್ಚುವುದು ವೈದ್ಯಕೀಯದ ಅತಿ ಸೂಕ್ಷ್ಮ ಕೈಕೆಲಸಗಳಲ್ಲಿ ಒಂದು. ಮುಚ್ಚಿದ ಮೇಲೆ ವರ್ಷಗಟ್ಟಲೆ ಅದರ ಮೇಲೆ ಕಣ್ಣಿಟ್ಟುಕೊಂಡು ಬದುಕುವುದು, ಹಾಗೆ ಬದುಕುವವರ ಜೊತೆಗಿರುವುದು ಇನ್ನೊಂದು ಕೆಲಸ. ಅದಕ್ಕೂ ಕಲಿಕೆ ಬೇಕು, ತಾಳ್ಮೆ ಬೇಕು. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಚಿಕಿತ್ಸೆ ಎಂದರೇನು ಎಂಬುದು ಪೂರ್ತಿ ಅರ್ಥವಾಗುತ್ತದೆ.

ಮೊದಲ ಕೆಲಸದ ಚರಿತ್ರೆ ನೂರು ವರ್ಷಕ್ಕಿಂತ ಹಳೆಯದಲ್ಲ. ಬದುಕಿರುವ ಮನುಷ್ಯನ ತಲೆಯೊಳಗಿನ ನಾಳಗಳನ್ನು ಎಕ್ಸ್‌ರೇಯಲ್ಲಿ ಕಾಣುವಂತೆ ಮಾಡಿದವರು ಪೋರ್ಚುಗಲ್ಲಿನ ಎಗಾಸ್ ಮೋನಿಝ್, 1927ರಲ್ಲಿ. ನಾಲ್ಕು ವರ್ಷಗಳ ಬಳಿಕ ಎಡಿನ್‌ಬರೋದ ನಾರ್ಮನ್ ಡಾಟ್, ಒಡೆದ ಗುಳ್ಳೆಗೆ ರೋಗಿಯ ಮಾಂಸಖಂಡದ ತುಣುಕನ್ನೇ ಸುತ್ತಿ ರಕ್ತ ನಿಲ್ಲಿಸಿದರು. 1937ರ ಮಾರ್ಚ್ 23ರಂದು ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಾಲ್ಟರ್ ಡ್ಯಾಂಡಿ ಗುಳ್ಳೆಯ ಕತ್ತಿಗೆ ಬೆಳ್ಳಿಯ ಪುಟ್ಟ ಕ್ಲಿಪ್ ಹಾಕಿ, ರಕ್ತ ಅದರೊಳಗೆ ನುಗ್ಗುವುದನ್ನೇ ತಡೆದರು. ನಾಳ ಹರಿಯುತ್ತಲೇ ಇರಬೇಕು, ಉಬ್ಬು ಮಾತ್ರ ಹೊರಗುಳಿಯಬೇಕು. ಇವತ್ತಿಗೂ ಗುರಿ ಅದೇ.

ಆಮೇಲೆ ಬಂದದ್ದು ಸೂಕ್ಷ್ಮದರ್ಶಕ. ಟರ್ಕಿ ಮೂಲದ ಗಾಝಿ ಯಾಶಾರ್ಗಿಲ್ 1960ರ ದಶಕದಲ್ಲಿ ಅಮೆರಿಕದ ವರ್ಮಾಂಟ್‌ಗೆ ಹೋಗಿ, ಸೂಕ್ಷ್ಮದರ್ಶಕದ ಕೆಳಗೆ ಕೂದಲೆಳೆಯಂಥ ದಾರದಲ್ಲಿ ಸಣ್ಣ ನಾಳಗಳನ್ನು ಹೊಲಿಯುವುದನ್ನು ಕಲಿತು, ಜ್ಯೂರಿಕ್‌ಗೆ ಮರಳಿ ಅದನ್ನು ಮಿದುಳಿನ ಶಸ್ತ್ರಚಿಕಿತ್ಸೆಗೆ ಒಗ್ಗಿಸಿದರು. ಅವರು ರೂಢಿಗೆ ತಂದ ದಾರಿ ಇಂದಿಗೂ ಬಳಕೆಯಲ್ಲಿದೆ. ಕಣತಲೆಯ ಬಳಿ ಮೂಳೆಯ ಒಂದು ಬಿಲ್ಲೆಯನ್ನು ತೆಗೆದು, ಮಿದುಳಿನ ಎರಡು ಹಾಲೆಗಳ ನಡುವಿನ ಸಹಜ ಬಿರುಕಿನ ಮೂಲಕವೇ ಒಳಗಿಳಿಯುತ್ತಾರೆ. ಮಿದುಳನ್ನು ಕೊಯ್ಯುವುದಿಲ್ಲ, ಮಡಿಕೆಗಳನ್ನು ಹಿಡಿದಿಟ್ಟ ತೆಳ್ಳನೆಯ ಪೊರೆಯನ್ನು ಎಳೆ ಎಳೆಯಾಗಿ ಬಿಡಿಸುತ್ತಾ ಹೋಗುತ್ತಾರೆ. ಮೊದಲು ತಲುಪಬೇಕಾದದ್ದು ಗುಳ್ಳೆಯನ್ನಲ್ಲ, ಅದಕ್ಕೆ ರಕ್ತ ತರುವ ನಾಳವನ್ನು. ನಡುವೆ ಗುಳ್ಳೆ ಒಡೆದರೆ ಆ ನಾಳಕ್ಕೆ ತಾತ್ಕಾಲಿಕ ಕ್ಲಿಪ್ ಹಾಕಿ ಹರಿವು ನಿಲ್ಲಿಸಬಹುದು, ಆದರೆ ಕೆಲವೇ ನಿಮಿಷ. ಕೊನೆಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂತೆ ಸ್ಪ್ರಿಂಗಿನ ಬಲದಲ್ಲಿ ಕಚ್ಚಿಕೊಳ್ಳುವ ಪುಟ್ಟ ಲೋಹದ ಕ್ಲಿಪ್ಪನ್ನು ಗುಳ್ಳೆಯ ಕತ್ತಿಗೆ ಅಡ್ಡಲಾಗಿ ಕೂರಿಸುತ್ತಾರೆ. ಅಕ್ಕಪಕ್ಕದ ಕವಲುಗಳಲ್ಲಿ ಒಂದನ್ನೂ ಅದು ಹಿಸುಕಿರಬಾರದು. ಹಿಸುಕಿದರೆ ಕೈಯೋ ಕಾಲೋ ಮಾತೋ ಹೋದೀತು. ಹಾಗಾಗಿ ಕ್ಲಿಪ್ ಕೂತ ಮೇಲೆ ಹರಿವನ್ನು ಪರೀಕ್ಷಿಸಿ, ಬೇಕಾದರೆ ತೆಗೆದು, ಮತ್ತೆ ಕೂರಿಸುತ್ತಾರೆ.

ತಲೆಬುರುಡೆ ತೆರೆಯದೆಯೇ ಗುಳ್ಳೆ ಮುಚ್ಚುವ ದಾರಿಯನ್ನು ಇಟಲಿಯ ಗೈಡೋ ಗುಲ್ಯೆಲ್ಮಿ ಲಾಸ್ ಏಂಜಲೀಸ್‌ನಲ್ಲಿ ಕಂಡುಕೊಂಡರು. ರೋಗಿಗೆ ಮೊದಲ ಬಾರಿ ಅದನ್ನು ಬಳಸಿದ್ದು 1990ರಲ್ಲಿ. ತೊಡೆಸಂದಿನ ಅಥವಾ ಮಣಿಕಟ್ಟಿನ ಅಪಧಮನಿಯಿಂದ ಸಣ್ಣ ಕೊಳವೆ ತೂರಿಸಿ, ಎದೆ, ಕುತ್ತಿಗೆ ದಾಟಿಸಿ, ಅದರೊಳಗಿಂದ ಇನ್ನೂ ಸಣ್ಣ ಕೊಳವೆಯನ್ನು ಗುಳ್ಳೆಯ ಬಾಯಿಯವರೆಗೆ ಒಯ್ಯುತ್ತಾರೆ. ಕಣ್ಣು ಪರದೆಯ ಮೇಲೆ, ಕೈ ಕೊಳವೆಯ ಹೊರತುದಿಯಲ್ಲಿ; ಬೆರಳಿನ ಒಂದು ತಿರುವಿಗೆ ಒಳತುದಿ ಮಿಲಿಮೀಟರುಗಳ ಲೆಕ್ಕದಲ್ಲಿ ಜರುಗುತ್ತದೆ. ಆಮೇಲೆ ಪ್ಲಾಟಿನಂ ಕಾಯಿಲ್. ಮೊದಲನೆಯದು ಗುಳ್ಳೆಯ ಅಳತೆಗೆ ತಕ್ಕದ್ದು, ಗೋಡೆಗುಂಟ ಸುತ್ತಿಕೊಂಡು ಒಂದು ಚೌಕಟ್ಟು ಕಟ್ಟುತ್ತದೆ. ಅದರೊಳಗೆ ಒಂದರ ಹಿಂದೊಂದು ಚಿಕ್ಕವು, ಮೆತ್ತನೆಯವು. ಸರಿಯಾಗಿ ಕೂರದಿದ್ದರೆ ಹಿಂದಕ್ಕೆಳೆದು ಮತ್ತೆ ಬಿಡಬಹುದು. ಕೂತಿತು ಎಂದು ಖಾತ್ರಿಯಾದ ಮೇಲೆ ಸಣ್ಣ ವಿದ್ಯುತ್ ಹರಿಸಿದರೆ ಕಾಯಿಲ್ಲನ್ನು ತಂತಿಗೆ ಜೋಡಿಸಿದ್ದ ಬೆಸುಗೆ ಕರಗಿ, ಅದು ಅಲ್ಲೇ ಉಳಿಯುತ್ತದೆ. ಗುಲ್ಯೆಲ್ಮಿಯವರ ಉಪಾಯ ಇರುವುದು ಈ ಕೊನೆಯ ಹೆಜ್ಜೆಯಲ್ಲಿ: ಖಾತ್ರಿಯಾಗುವವರೆಗೂ ಹಿಡಿತ ಬಿಡದಿರುವುದು.

ಗುಳ್ಳೆ ಮರುಕಳಿಸುವುದೇಕೆ ಎಂಬ ಪ್ರಶ್ನೆಗೆ ಉತ್ತರ ಇದೇ ಕೆಲಸದೊಳಗಿದೆ. ಎಷ್ಟೇ ಒತ್ತಾಗಿ ತುಂಬಿದರೂ ಗುಳ್ಳೆಯೊಳಗೆ ಲೋಹ ಹಿಡಿಯುವ ಜಾಗ ಸುಮಾರು ನಾಲ್ಕನೇ ಒಂದು ಭಾಗ. ಉಳಿದದ್ದು ಹೆಪ್ಪುಗಟ್ಟಿದ ರಕ್ತ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ, ಅಷ್ಟೂ ಸಲ ಗುಳ್ಳೆಯ ಬಾಯಿಗೆ ರಕ್ತ ಬಡಿಯುತ್ತದೆ. ತಿಂಗಳುಗಳು ಕಳೆದಂತೆ ಕಾಯಿಲ್ ಒಳಕ್ಕೆ ಅಮುಕಿಕೊಂಡು, ಬಾಯಿಯ ಬಳಿ ಮತ್ತೆ ಜಾಗವಾಗಬಹುದು. 2002ರಲ್ಲಿ ಪ್ರಕಟವಾದ, ಒಡೆದ ಗುಳ್ಳೆಯ 2,143 ರೋಗಿಗಳನ್ನು ಒಳಗೊಂಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಒಂದು ವರ್ಷದ ಬಳಿಕ ಸತ್ತವರು ಅಥವಾ ಪರಾವಲಂಬಿಗಳಾದವರು ಕಾಯಿಲ್ ಹಾಕಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 24, ಕ್ಲಿಪ್ ಹಾಕಿಸಿಕೊಂಡವರಲ್ಲಿ ಸುಮಾರು 31. ಆದರೆ ಮತ್ತೆ ಚಿಕಿತ್ಸೆ ಬೇಕಾದದ್ದು ಕಾಯಿಲ್‌ನವರಿಗೇ ಹೆಚ್ಚು. ಈಗ ನಾಳದೊಳಗೇ ಬಲೆಯಂಥ ಕೊಳವೆ ಕೂರಿಸಿ ಹರಿವನ್ನು ಗುಳ್ಳೆಯಿಂದ ತಿರುಗಿಸುವ ವಿಧಾನವೂ ಇದೆ; ಅದಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ತಿಂಗಳುಗಟ್ಟಲೆ ಒಂದು ದಿನವೂ ತಪ್ಪಿಸುವಂತಿಲ್ಲ. ದಾರಿ ಯಾವುದಾದರೂ ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸಿ ನೋಡುವುದೂ ಚಿಕಿತ್ಸೆಯ ಭಾಗವೇ.

‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ನಟಿ ಎಮಿಲಿಯಾ ಕ್ಲಾರ್ಕ್ ಅವರ ಬದುಕಿನಲ್ಲಿ ನಾಳದೊಳಗಿನ ದಾರಿ, ತಲೆಬುರುಡೆ ತೆರೆಯುವ ದಾರಿ ಎರಡೂ ಬಂದುಹೋಗಿವೆ. 2011ರಲ್ಲಿ, 24ನೇ ವಯಸ್ಸಿನಲ್ಲಿ, ಲಂಡನ್ನಿನ ಜಿಮ್‌ನಲ್ಲಿ ವ್ಯಾಯಾಮ ಮಾಡುತ್ತಿದ್ದಾಗ ಅವರ ತಲೆಯೊಳಗಿನ ಗುಳ್ಳೆ ಒಡೆಯಿತು. ತೊಡೆಸಂದಿನಿಂದ ಕೊಳವೆ ತೂರಿಸಿ ಅದನ್ನು ಮುಚ್ಚಿದರು. ಸುಮಾರು ಎರಡು ವಾರಗಳ ಬಳಿಕ ನರ್ಸ್ ಹೆಸರು ಕೇಳಿದಾಗ ಅವರಿಗೆ ತಮ್ಮ ಹೆಸರೇ ಹೇಳಲಾಗಲಿಲ್ಲ. ಬಾಯಿಂದ ಬಂದದ್ದು ಅರ್ಥವಿಲ್ಲದ ಶಬ್ದಗಳು. ಮಾತು ಮರಳಿತು. ಆದರೆ ಮಿದುಳಿನ ಇನ್ನೊಂದು ಬದಿಯಲ್ಲಿ ಮತ್ತೊಂದು ಚಿಕ್ಕ ಗುಳ್ಳೆಯಿದೆ ಎಂದು ವೈದ್ಯರು ತಿಳಿಸಿದ್ದರು. ಅದರ ಅರಿವಿನಲ್ಲೇ ಚಿತ್ರೀಕರಣದಲ್ಲಿ ತೊಡಗಿದರು. 2013ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಕ್ಯಾನ್ ಮಾಡಿದಾಗ ಅದು ಎರಡರಷ್ಟು ಬೆಳೆದಿತ್ತು. ಈ ಸಲ ನಾಳದ ದಾರಿಯ ಚಿಕಿತ್ಸೆ ಕೈಗೂಡದೆ, ರಕ್ತಸ್ರಾವವಾಗಿ, ತಲೆಬುರುಡೆ ತೆರೆಯಬೇಕಾಯಿತು. ಬಹುಕಾಲ ಅವರು ಇದನ್ನು ಬಹಿರಂಗವಾಗಿ ಹೇಳಿಕೊಂಡಿರಲಿಲ್ಲ. 2019ರಲ್ಲಿ ಬರೆದು ತಿಳಿಸಿದರು. ಅದೇ ವರ್ಷ ತಾಯಿ ಜೆನ್ನಿಫರ್ ಅವರೊಡನೆ ‘ಸೇಮ್‌ಯೂ’ ಎಂಬ ಸಂಸ್ಥೆ ಆರಂಭಿಸಿದರು. ಮಿದುಳಿಗೆ ಪೆಟ್ಟಾಗಿಯೋ ಪಾರ್ಶ್ವವಾಯುವಾಗಿಯೋ ಬದುಕುಳಿದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಚೇತರಿಸಿಕೊಳ್ಳಲು ನೆರವು ಸಿಗಬೇಕು ಎಂಬುದೇ ಅದರ ಉದ್ದೇಶ. 2024ರಲ್ಲಿ ತಾಯಿ ಮಗಳಿಬ್ಬರಿಗೂ ಬ್ರಿಟನ್ ಎಂಬಿಇ ಗೌರವ ನೀಡಿತು.

ಮನೆಗೆ ಬಂದ ಮೇಲಿನ ಈ ಕೊರತೆ ನಮ್ಮಲ್ಲೂ ಇದೆ. ಆಸ್ಪತ್ರೆಯಲ್ಲಿದ್ದಷ್ಟು ದಿನ ನೆಂಟರಿಷ್ಟರು ಎಳನೀರು, ಹಣ್ಣು ಹಿಡಿದು ಬಂದು ಹೋಗುತ್ತಾರೆ. ಹೊಲಿಗೆ ಒಣಗಿ, ಕೂದಲು ಬೆಳೆದ ಮೇಲೆ ‘ಇನ್ನೇನು, ಹುಷಾರಾದಿರಲ್ಲ’ ಎನ್ನುತ್ತಾರೆ. ನಿಜವಾದ ಕಷ್ಟ ಅನೇಕರಿಗೆ ಆಗ ಶುರುವಾಗುತ್ತದೆ. ರಾತ್ರಿಯಿಡೀ ಮಲಗಿ ಎದ್ದರೂ ಆರದ ಸುಸ್ತು. ಒಲೆಯ ಮೇಲೆ ಹಾಲಿಟ್ಟದ್ದು ಮರೆತುಹೋಗುತ್ತದೆ. ಮದುವೆ ಛತ್ರದ ಗದ್ದಲ ತಡೆಯಲಾಗುವುದಿಲ್ಲ. ನಾಲಿಗೆಯ ತುದಿಯಲ್ಲಿದ್ದ ಹೆಸರು ಬರುವುದಿಲ್ಲ. ಸಾಧಾರಣ ತಲೆನೋವು ಬಂದರೂ ‘ಮತ್ತೆ ಅದೇ ಇರಬಹುದೇ’ ಎಂಬ ಭಯ. ಸ್ಕ್ಯಾನಿನ ದಿನ ಹತ್ತಿರ ಬಂದಂತೆ ನಿದ್ದೆ ದೂರವಾಗುತ್ತದೆ. ಇದ್ಯಾವುದೂ ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ನಂಬುವವರೂ ಕಡಿಮೆ.

ಇಲ್ಲಿ ಇನ್ನೊಬ್ಬ ರೋಗಿಯಿಂದ ಸಿಗುವ ನೆರವಿಗೆ ಬದಲಿ ಇಲ್ಲ. ಓಪಿಡಿಯ ಬೆಂಚಿನ ಮೇಲೆ ಕೂತು, ತಲೆಯ ಗಾಯದ ಗುರುತು ನೋಡಿಯೇ ಮಾತು ಶುರುವಾಗುತ್ತದೆ. ‘ಅಕ್ಕಾ, ನಂಗೂ ಮೊದಮೊದಲು ಹೀಗೇ ಆಗ್ತಿತ್ತು. ಮಧ್ಯಾಹ್ನ ಒಂದು ಗಂಟೆ ಮಲಗಿಬಿಡಿ, ಯಾರೇನಂದ್ರೂ ತಲೆ ಕೆಡಿಸ್ಕೋಬೇಡಿ.’ ಹೀಗೆ ಹೇಳುವವರು ವಾಸಿ ಮಾಡುವ ಭರವಸೆ ಕೊಡುವುದಿಲ್ಲ, ಅವರಿಗೆ ಅದರ ಅಗತ್ಯವೂ ಇಲ್ಲ. ತಾವು ದಾಟಿ ಬಂದದ್ದನ್ನು ತೋರಿಸುತ್ತಾರೆ, ಅಷ್ಟೇ. ಒಳ್ಳೆಯ ಬೆಂಬಲ ಗುಂಪು ಮಾಡುವುದೂ ಇದನ್ನೇ: ಕೇಳಿಸಿಕೊಳ್ಳುತ್ತದೆ, ಇನ್ನೊಬ್ಬರ ಗುಳ್ಳೆಯ ಅಳತೆಗೆ ತನ್ನದನ್ನು ಹೋಲಿಸಿ ಹೆದರಿಸುವುದಿಲ್ಲ, ಔಷಧದ ಪ್ರಶ್ನೆ ಬಂದರೆ ವೈದ್ಯರ ಬಳಿಗೇ ಕಳಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಸ್ತ್ರಚಿಕಿತ್ಸೆ, ನಾಳದೊಳಗಿನ ಚಿಕಿತ್ಸೆ, ನರರೋಗಿಗಳ ಪುನಶ್ಚೇತನ ಮೂರಕ್ಕೂ ಪ್ರತ್ಯೇಕ ವಿಭಾಗಗಳಿವೆ. ಮರೆವು, ಸುಸ್ತು, ಭಯಗಳನ್ನು ನುಂಗಿಕೊಳ್ಳದೆ ವೈದ್ಯರಿಗೆ ಹೇಳಿದರೆ ಇಂಥ ಪುನಶ್ಚೇತನ ವಿಭಾಗಕ್ಕೆ ದಾರಿ ಸಿಗುತ್ತದೆ.

ಜೊತೆಗಿರುವವರ ಕೆಲಸಕ್ಕೂ ಸ್ಪಷ್ಟವಾದ ಒಂದು ಕ್ರಮವಿದೆ. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನಿನ ಸಿಡಿ, ಯಾವ ಕ್ಲಿಪ್ ಅಥವಾ ಕಾಯಿಲ್ ಹಾಕಿದ್ದಾರೆ ಎಂಬ ವಿವರ ಒಂದೇ ಫೈಲಿನಲ್ಲಿರಲಿ. ಮುಂದೆ ಎಂಆರ್‌ಐ ಮಾಡುವಾಗ ಆ ವಿವರವನ್ನು ಕೇಳುತ್ತಾರೆ. ಗುಳ್ಳೆ ಎಲ್ಲಿದೆ, ಎಷ್ಟು ಮಿಲಿಮೀಟರ್, ಹಿಂದಿನ ಸಲಕ್ಕಿಂತ ಬೆಳೆದಿದೆಯೇ, ಮುಂದಿನ ಸ್ಕ್ಯಾನ್ ಯಾವಾಗ, ಈ ನಾಲ್ಕನ್ನು ಪ್ರತಿ ಫಾಲೋಅಪ್‌ನಲ್ಲೂ ಕೇಳಿ ಬರೆದುಕೊಳ್ಳಿ. ಬೀಡಿ ಸಿಗರೇಟು ಪೂರ್ತಿ ನಿಲ್ಲಬೇಕು, ಬಿಪಿ ಹತೋಟಿಯಲ್ಲಿರಬೇಕು. ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಮುಖ್ಯವಾದವು ಇವು. ಒಂದೇ ಕುಟುಂಬದಲ್ಲಿ ಇಬ್ಬರಿಗೆ ಗುಳ್ಳೆ ಕಂಡಿದ್ದರೆ ಒಡಹುಟ್ಟಿದವರು, ಮಕ್ಕಳು ಸ್ಕ್ಯಾನ್ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಹಿಂದೆಂದೂ ಕಾಣದಂಥ ತಲೆನೋವು ಸಿಡಿಲು ಬಡಿದಂತೆ ಬಂದರೆ, ಜೊತೆಗೆ ವಾಂತಿ, ಕುತ್ತಿಗೆ ಬಿಗಿತ, ರೆಪ್ಪೆ ಜೋಲುವುದು ಇರಲಿ ಇಲ್ಲದಿರಲಿ, ಮಾತ್ರೆ ನುಂಗಿ ಮಲಗುವುದಲ್ಲ. ತಕ್ಷಣ 108ಕ್ಕೆ ಕರೆ ಮಾಡಬೇಕು.

ಗುಳ್ಳೆಯ ಕತ್ತಿಗೆ ಕ್ಲಿಪ್ ಕೂರಿಸುವ ಕೈ ಸಿದ್ಧವಾಗಲು ಹತ್ತಾರು ವರ್ಷ ಬೇಕು, ಅಂಥ ಕೈಗಳು ಕೆಲವೇ. ಮುಂದಿನ ಸ್ಕ್ಯಾನಿಗೆ ಜೊತೆಯಲ್ಲಿ ಹೋಗಿ ಕೂರಲು, ಸುಸ್ತು ಎಂದಾಗ ನಂಬಲು, ಅದೇ ರೋಗ ದಾಟಿದ ಇನ್ನೊಬ್ಬರನ್ನು ಪರಿಚಯಿಸಲು ಯಾವ ಪದವಿಯೂ ಬೇಡ. ಗುಳ್ಳೆಯೊಂದಿಗೆ ವರ್ಷಗಟ್ಟಲೆ ಬದುಕಬೇಕಾದವರಿಗೆ ಎರಡೂ ಅಷ್ಟೇ ಅಗತ್ಯ. ಮೊದಲನೆಯದನ್ನು ಪರಿಣತರು ಮಾಡುತ್ತಾರೆ. ಎರಡನೆಯದು ನಮ್ಮ ಪಾಲಿನದು.